ಮೂರು ಹಲಗೆ ಜೋಡಿಸಿದ ತೊಲೆ: ಒಂದೇ ಜಾಗಕ್ಕೆ ಭಾರ (ಪಾಯಿಂಟ್ ಲೋಡ್) ಬೀಳುವಲ್ಲಿ ಬೋಲ್ಟ್ ಎಷ್ಟು, ಎಲ್ಲಿ?

ಅಟ್ಟದಮನೆ, ಶಿರಸಿ

ಹಂಚಿನ ಮನೆಯ ನಡುಮನೆ ತೊಲೆಗೆ ಗೆದ್ದಲು ಹಿಡಿದು ಒಂದು ತುದಿ ಪೊಳ್ಳಾಗಿದೆ. ಬದಲಿಸಲೇಬೇಕು. 6 × 9 ಇಂಚಿನ ಇಡೀ ಸಾಗವಾನಿ ತೊಲೆ, 14 ಅಡಿ ಉದ್ದಕ್ಕೂ ಬಿರುಕಿಲ್ಲದ್ದು, ಸಾಮಿಲ್ಲಿನಲ್ಲಿ ಸಿಗುತ್ತಿಲ್ಲ. ಹಾಗಾಗಿ 50 × 225 ಮಿಮೀ ಹಲಗೆ ಮೂರು ನಿಲ್ಲಿಸಿ, ಒಟ್ಟು 150 ಮಿಮೀ ಅಗಲದ ತೊಲೆ ಮಾಡುವ ಯೋಚನೆ. ಹಲಗೆ ಒಣಗಿದ ಸಾಗವಾನಿ.

ಗೋಡೆಯಿಂದ ಗೋಡೆಗೆ 4.2 ಮೀಟರ್. ಭಾರ ಎರಡು ಕಡೆ ಬೀಳುತ್ತದೆ. ಸರಿ ಮಧ್ಯದಲ್ಲಿ ಮಾಡಿನ ಗಿಡ್ಡ ಕಂಬ (100 × 100 ಮಿಮೀ) ತೊಲೆಯ ಮೇಲೆ ಕೂರುತ್ತದೆ. ಹಂಚು, ರೀಪು, ಪಕಾಸು, ಮೇಲೆ ಹತ್ತುವ ಜನ ಎಲ್ಲ ಸೇರಿ ಸುಮಾರು 600 ಕೆಜಿ. ಎಡಗೋಡೆಯಿಂದ 1.4 ಮೀಟರ್‌ನಲ್ಲಿ ಅಡಿಕೆ ಅಟ್ಟದ ಅಡ್ಡತೊಲೆ ಬಂದು ಸೇರುತ್ತದೆ. ಅದು ಒಂದೇ ಬದಿಯಿಂದ, ತೊಲೆಯ ಮುಖಕ್ಕೆ ಕಬ್ಬಿಣದ ಹ್ಯಾಂಗರ್ ಹೊಡೆದು ಕೂರಿಸುವುದು. ಅದರದ್ದೂ ಸುಮಾರು 600 ಕೆಜಿ.

ಆಚಾರ್ರು ಹೇಳುವುದು: ನಾಲ್ಕಿಂಚಿನ ಮೊಳೆ, ಅಡಿಗೊಂದರಂತೆ ಮೇಲೆ ಕೆಳಗೆ ಹೊಡೆದರೆ ಸಾಕು. ಸಾಕೇ? ಬೋಲ್ಟ್ ಹಾಕಬೇಕಾದರೆ ಎಷ್ಟು, ಯಾವ ಜಾಗದಲ್ಲಿ?

---

ಕಟ್ಟುಲೆಕ್ಕ

ಮೊದಲು ತಿಳಿಯಬೇಕಾದ್ದು, ನಿಮ್ಮ ಎರಡು ಭಾರವೂ 600 ಕೆಜಿಯೇ ಆದರೂ ಜೋಡಣೆಯ ಲೆಕ್ಕದಲ್ಲಿ ಅವು ಒಂದೇ ಅಲ್ಲ. ಕಂಬದ ಭಾರ ಮೇಲಿನಿಂದ ಬರುತ್ತದೆ. ಅದರ ಬುಡ ಮೂರೂ ಹಲಗೆಯ ನೆತ್ತಿಯ ಮೇಲೆ ಸರಿಯಾಗಿ ಕೂತರೆ ಮೂರಕ್ಕೂ ನೇರ ಪಾಲು ಸಿಗುತ್ತದೆ, ಬೋಲ್ಟಿಗೆ ಹೆಚ್ಚು ಕೆಲಸವಿಲ್ಲ. ಅಡ್ಡತೊಲೆಯ ಭಾರ ಹಾಗಲ್ಲ. ಹ್ಯಾಂಗರ್ ಹಿಡಿದಿರುವುದು ಹೊರಗಿನ ಒಂದು ಹಲಗೆಯನ್ನು ಮಾತ್ರ. ಉಳಿದೆರಡು ಹಲಗೆಗೆ ಆ ಭಾರ ತಲುಪುವುದು ಬೋಲ್ಟ್ ಅಥವಾ ಮೊಳೆಯ ಮೂಲಕವೇ, ಬೇರೆ ದಾರಿಯಿಲ್ಲ.

ತಲುಪದಿದ್ದರೆ ಏನಾಗುತ್ತದೆ ನೋಡಿ. 600 ಕೆಜಿ ಅಂದರೆ 6 ಕಿಲೋನ್ಯೂಟನ್. 1.4 ಮೀಟರ್ ಜಾಗದಲ್ಲಿ ಅಡ್ಡತೊಲೆಯಿಂದ ಬರುವ ಮೊಮೆಂಟ್ (ತೊಲೆಯನ್ನು ಬಾಗಿಸುವ ಪರಿಣಾಮ) 6 × 1.4 × 2.8 ÷ 4.2 = 5.6 ಕಿಲೋನ್ಯೂಟನ್ ಮೀಟರ್. ಇಷ್ಟನ್ನೂ ಹೊರಹಲಗೆ ಒಂದೇ ಹೊತ್ತು, ಜೊತೆಗೆ ಕಂಬದ ಭಾರದಲ್ಲಿ ತನ್ನ ಮೂರನೇ ಒಂದು ಪಾಲನ್ನೂ (1.4) ಹೊತ್ತರೆ ಅದರ ಬಾಗು ಒತ್ತಡ ಚದರ ಮಿಮೀಗೆ 16.6 ನ್ಯೂಟನ್ ಆಗುತ್ತದೆ. ಕಟ್ಟಡದ ಮರಕ್ಕಿರುವ ಭಾರತೀಯ ಮಾನದಂಡ ಐಎಸ್ 883ರಲ್ಲಿ ಸಾಗವಾನಿ ಬರುವ 'ಬಿ' ಗುಂಪಿಗೆ ಒಳಾಂಗಣದಲ್ಲಿ, ಮೊದಲ ದರ್ಜೆಯ ಮರಕ್ಕೆ, ಒಪ್ಪಿತ ಮಿತಿ 12. ಅಂದರೆ ಹೊರಹಲಗೆ ಮಿತಿ ಮೀರಿ ಬಾಗುತ್ತಿರುವಾಗ ಪಕ್ಕದ ಎರಡು ಹಲಗೆ ಸುಮ್ಮನೆ ನಿಂತಿರುತ್ತವೆ. ಮೂರೂ ಕೂಡಿ ಹೊತ್ತರೆ ಮಧ್ಯದಲ್ಲಿ, ಸ್ವಂತ ತೂಕ ಸೇರಿ, ಒಟ್ಟು ಮೊಮೆಂಟ್ ಸುಮಾರು 11, ಒತ್ತಡ 8.7. ನೆಮ್ಮದಿಯಾಗಿ ಸಾಲುತ್ತದೆ. ತುದಿಯ ಶಿಯರ್ (ಎಳೆಗುಂಟ ಜಾರಿಸುವ ಒತ್ತಡ) 0.33, ಮಿತಿ 0.64, ಅದರ ಚಿಂತೆಯಿಲ್ಲ.

ಈಗ ಎಷ್ಟು ಭಾರ ದಾಟಿಸಬೇಕು? ಮೂರೂ ಹಲಗೆ ಒಂದೇ ದಪ್ಪ, ಆದ್ದರಿಂದ ತಲಾ 2 ಕಿಲೋನ್ಯೂಟನ್. ಮೊದಲ ಸಂದಿನಲ್ಲಿ (ಹೊರಹಲಗೆ–ನಡುಹಲಗೆ) ಎರಡು ಹಲಗೆಯ ಪಾಲು ದಾಟಬೇಕು: 4. ಎರಡನೇ ಸಂದಿನಲ್ಲಿ ಒಂದರದ್ದು: 2. ಆಚೀಚೆ ದಾಟಿದ ಬೋಲ್ಟಿಗೆ ಮೊದಲ ಸಂದೇ ನಿರ್ಣಾಯಕ. ಬಹಳ ಜನ ಇಲ್ಲಿ ತಪ್ಪುತ್ತಾರೆ, ಒಟ್ಟು ಭಾರವನ್ನು ಮೂರರಿಂದ ಭಾಗಿಸಿ ಅಷ್ಟಕ್ಕೇ ಬೋಲ್ಟ್ ಹಾಕುತ್ತಾರೆ. ಹಾಗೆ ಮಾಡಿದರೆ ಮೊದಲ ಸಂದಿನ ಲೆಕ್ಕ ಅರ್ಧಕ್ಕೆ ಇಳಿಯುತ್ತದೆ.

ಒಂದು ಬೋಲ್ಟಿನ ಶಕ್ತಿ: 12 ಮಿಮೀ ಬೋಲ್ಟ್, 4.6 ದರ್ಜೆ, 50 ಮಿಮೀ ಹಲಗೆ, ಮರದ ಸಾಂದ್ರತೆ ಜಾಗ್ರತೆಗೆ ಘನಮೀಟರಿಗೆ 550 ಕೆಜಿ ಇಟ್ಟು, ಎಳೆಗೆ ಅಡ್ಡ ಬಲ ಎಂದು ಯೂರೋಕೋಡ್ 5ರ (ಮರದ ಕಟ್ಟಡಕ್ಕೆ ಯೂರೋಪಿನ ಮಾನದಂಡ) ಸೂತ್ರಗಳಲ್ಲಿ ಹಾಕಿದರೆ ಒಂದು ಸಂದಿಗೆ ಮೂಲ ಸಾಮರ್ಥ್ಯ ಸುಮಾರು 9 ಕಿಲೋನ್ಯೂಟನ್ ಬರುತ್ತದೆ. ಸದಾ ಇರುವ ಭಾರದ ಗುಣಕ 0.6ರಿಂದ ಗುಣಿಸಿ, ಸುರಕ್ಷತೆಯ 1.3ರಿಂದಲೂ ಭಾರದ ಗುಣಕ 1.4ರಿಂದಲೂ ಭಾಗಿಸಿದರೆ ಬಳಕೆಗೆ ಉಳಿಯುವುದು 3. ಹಾಗಾದರೆ 4 ಕಿಲೋನ್ಯೂಟನ್‌ಗೆ ಎರಡು ಬೋಲ್ಟ್ ಸಾಕು. ಆದರೂ ನಾಲ್ಕು ಹಾಕಿ. ರಂಧ್ರ ಸ್ವಲ್ಪ ಸಡಿಲಾದ ಬೋಲ್ಟ್ ತಡವಾಗಿ ಭಾರ ಹಿಡಿಯುತ್ತದೆ, ನಾಲ್ಕೂ ಒಂದೇ ಕ್ಷಣಕ್ಕೆ ಕೆಲಸ ಶುರು ಮಾಡುವುದಿಲ್ಲ.

ಒಂದು ಮಾತು ಮರೆಯಬೇಡಿ: ಐಎಸ್ 883ರಲ್ಲಿ ಎರಡು ತಿಂಗಳ ಭಾರಕ್ಕೆ ಒತ್ತಡ 1.15 ಪಟ್ಟು ಏರಿಸಬಹುದು ಎಂದಿದೆ. ಅಡಿಕೆ ಅಟ್ಟಕ್ಕೆ ಅದನ್ನು ಬಳಸಬೇಡಿ. ದರ ಬರಲಿ ಅಂತ ಚೀಲ ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಅದು ಸದಾಭಾರವೇ.

ಜಾಗ: ಅಡ್ಡತೊಲೆಯ ಮಧ್ಯರೇಖೆಯಿಂದ ಎಡಕ್ಕೆ 100, ಬಲಕ್ಕೆ 100 ಮಿಮೀ ದೂರದಲ್ಲಿ ಒಂದೊಂದು ಜೊತೆ. ಪ್ರತಿ ಜೊತೆಯಲ್ಲಿ ಒಂದು ಬೋಲ್ಟ್ ಮೇಲಂಚಿನಿಂದ 75, ಇನ್ನೊಂದು ಕೆಳಂಚಿನಿಂದ 75. ಭಾರ ಬೀಳುವ ಅಂಚಿನಿಂದ ಕನಿಷ್ಠ ಬೋಲ್ಟಿನ ದಪ್ಪದ 4 ಪಟ್ಟು, ಅಂದರೆ 48 ಮಿಮೀ ಬಿಡಬೇಕು, 75 ಆರಾಮ. ಭಾರದಿಂದ ತೊಲೆಯ ಎತ್ತರದಷ್ಟು (225) ದೂರದೊಳಗೆ ಈ ನಾಲ್ಕೂ ಇರಬೇಕು. ಮೂರಡಿ ಆಚೆ ಹಾಕಿದ ಬೋಲ್ಟನ್ನು ಈ ಲೆಕ್ಕಕ್ಕೆ ಸೇರಿಸಬಾರದು, ಏಕೆಂದರೆ ಅಷ್ಟರೊಳಗೆ ಹೊರಹಲಗೆ ಒಂಟಿಯಾಗಿ ಬಾಗಿಯಾಗಿರುತ್ತದೆ.

ಬೋಲ್ಟೆಲ್ಲ ಕೆಳಸಾಲಿಗೇ ಹಾಕುವವರಿದ್ದಾರೆ, 'ಭಾರ ಕೆಳಗಿಂದ ಹಿಡಿಯಲಿ' ಎಂದು. ಅದು ಅಪಾಯ. ನಡುಹಲಗೆ ಮತ್ತು ಒಳಹಲಗೆಯಲ್ಲಿ ಬೋಲ್ಟ್ ಕೆಳಕ್ಕೆ ಒತ್ತುತ್ತದೆ. ಬೋಲ್ಟಿನ ಕೆಳಗಿನ ಪಟ್ಟಿ ಎಳೆಗುಂಟ ಹರಿದು ಹೋಳಾಗುತ್ತದೆ. ಯೂರೋಕೋಡಿನ ಸೀಳು ಸೂತ್ರ ಮೃದುಮರಕ್ಕೆ ಬರೆದದ್ದು, ಆದರೂ ಹೋಲಿಕೆಗೆ ಹಾಕಿ ನೋಡಿ: ದೂರದ ಸಾಲು ಕೆಳಂಚಿನಿಂದ 150ರಲ್ಲಿದ್ದರೆ ಒಂದು ಹಲಗೆಗೆ ಸುಮಾರು 15 ಕಿಲೋನ್ಯೂಟನ್, ಬೋಲ್ಟೆಲ್ಲ 60ರಲ್ಲೇ ಇದ್ದರೆ ಸುಮಾರು 6. ಹಾಗಂತ ಎಲ್ಲವನ್ನೂ ಮೇಲಕ್ಕೆ ಹಾಕಿದರೆ ಹೊರಹಲಗೆಯಲ್ಲಿ ಇದೇ ತಲೆಕೆಳಗಾಗುತ್ತದೆ, ಅಲ್ಲಿ ಬೋಲ್ಟ್ ಮೇಲಕ್ಕೆ ಒತ್ತುತ್ತದೆ. ಅದಕ್ಕೇ ಎರಡು ಸಾಲು.

ಆಚಾರ್ರ ಮೊಳೆಯ ಬಗ್ಗೆ. ಮೊಳೆ ತಪ್ಪಲ್ಲ, ಅಡಿಗೊಂದು ಎಂಬ ಅಂತರ ತಪ್ಪು. 5 ಮಿಮೀ ದಪ್ಪದ 100 ಮಿಮೀ ಮೊಳೆ ಇದೇ ಲೆಕ್ಕದಲ್ಲಿ 0.7ರಿಂದ 0.8 ಕಿಲೋನ್ಯೂಟನ್ ಹೊರುತ್ತದೆ. 4ಕ್ಕೆ ಆರು ಮೊಳೆ ಬೇಕು, ಅದೂ ಅಡ್ಡತೊಲೆಯ ಆಚೀಚೆ 225 ಮಿಮೀ ಒಳಗೆ. ಅಡಿಗೊಂದರಂತೆ ಹೊಡೆದರೆ ಆ ಜಾಗದಲ್ಲಿ ಒಂದೋ ಎರಡೋ ಬೀಳುತ್ತವೆ. 100 ಮಿಮೀ ಮೊಳೆ ಎರಡೇ ಹಲಗೆ ದಾಟುತ್ತದೆ ಎಂಬುದೂ ನೆನಪಿರಲಿ. ಮೂರನೆಯದಕ್ಕೆ ಆಚೆ ಮುಖದಿಂದ ಬೇರೆ ಮೂರು ಮೊಳೆ ಹೊಡೆಯಬೇಕು. ಇನ್ನೊಂದು ಕೊರತೆ, ಹೊರಮುಖಕ್ಕೆ ಜೋತ ಭಾರ ಹೊರಹಲಗೆಯನ್ನು ತಿರುಚುತ್ತದೆ, ಅದರ ಮೇಲಂಚು ಹೊರಕ್ಕೆ ಬಾಯಿ ಬಿಡಲು ನೋಡುತ್ತದೆ. ಮೊಳೆ ಈ ಎಳೆತಕ್ಕೆ ಮೆಲ್ಲಗೆ ಸಡಿಲಾಗುತ್ತದೆ; ವಾಶರ್ ಹಾಕಿದ ಬೋಲ್ಟ್ ಬಿಡುವುದಿಲ್ಲ. ಹಾಗಾಗಿ ನನ್ನ ಮತ ಬೋಲ್ಟಿಗೆ.

ಕಂಬದ ಕೆಳಗೂ ಇದೇ ನಾಲ್ಕು ಬೋಲ್ಟ್, ಮಧ್ಯದಿಂದ ಆಚೀಚೆ 100ರಲ್ಲಿ. ಕಾರಣ: 100 ಮಿಮೀ ಕಂಬ 150 ಮಿಮೀ ತೊಲೆಯ ಮೇಲೆ ಕೂತಾಗ ನಡುಹಲಗೆ ಪೂರ್ತಿ, ಆಚೀಚೆಯವು ಅರ್ಧರ್ಧ ಸಿಗುತ್ತವೆ. ನಡುಹಲಗೆ 1 ಮಿಮೀ ಎತ್ತರವಿದ್ದರೂ ಮೊದಲು ಎಲ್ಲ ಅದರ ಮೇಲೆಯೇ. ನೆತ್ತಿಯನ್ನು ಜೋಡಿಸಿದ ಮೇಲೆ ಒಟ್ಟಿಗೆ ಹತ್ತರಿ ಹೊಡೆಯಿರಿ, ಕಂಬದ ಬುಡಕ್ಕೆ 150 × 150 × 10 ಮಿಮೀ ಕಬ್ಬಿಣದ ತಗಡು ಕೊಡಿ.

ಗೋಡೆ ತುದಿಗಳಲ್ಲಿ ಎರಡೆರಡು. ಉಳಿದ ಕಡೆ ಸುಮಾರು 600 ಮಿಮೀಗೆ ಒಂದು, ಒಮ್ಮೆ ಮೇಲಿನ ಸಾಲು ಒಮ್ಮೆ ಕೆಳಗಿನದು. ನಿಮ್ಮ ಉದ್ದಕ್ಕೆ ಅಂಥವು ಮೂರು. ಒಟ್ಟು 15 ಬೋಲ್ಟ್, 30 ವಾಶರ್.

---

ಉಳಿಹತ್ತರಿ

ಮೇಲಿನ ಲೆಕ್ಕ ಸರಿ. ಕೆಲಸ ಹಾಳಾಗುವುದು ರಂಧ್ರ ಕೊರೆಯುವಾಗ. ಮೂರು ಹಲಗೆಗೆ ಬೇರೆ ಬೇರೆ ಗುರುತು ಹಾಕಿ ಬೇರೆ ಬೇರೆ ಕೊರೆಯುತ್ತಾರೆ. ಜೋಡಿಸುವಾಗ ರಂಧ್ರ ಸೇರುವುದಿಲ್ಲ, ಆಗ 16ರ ಬಿಟ್ ಹಾಕಿ ದೊಡ್ಡದು ಮಾಡುತ್ತಾರೆ. 12ರ ಬೋಲ್ಟ್ 16ರ ರಂಧ್ರದಲ್ಲಿದ್ದರೆ ಹಲಗೆ ಅಷ್ಟು ಜಾರಿದ ಮೇಲೆಯೇ ಭಾರ ಹಿಡಿಯುವುದು. ಲೆಕ್ಕವೆಲ್ಲ ಅಲ್ಲಿಗೆ ಮುಗಿಯಿತು.

ಕ್ರಮ ಹೀಗಿರಲಿ. ಪ್ರತಿ ಹಲಗೆಯ ಬಾಗು ನೋಡಿ, ಉಬ್ಬು ಮೇಲಕ್ಕೆ ಬರುವಂತೆ ಮೂರನ್ನೂ ಇಡಿ. ಹೊರಗಿನ ಎರಡು ಹಲಗೆಯ ತಿರುಳಿನ ಮುಖ ಹೊರಕ್ಕೆ, ತೊಗಟೆಯ ಮುಖ ಒಳಕ್ಕೆ ಇರಲಿ. ಹಲಗೆ ಒಣಗಿದಂತೆ ತೊಗಟೆ ಬದಿಗೆ ಕುಳಿ ಬೀಳುತ್ತದೆ, ಆಗ ಅಂಚುಗಳು ನಡುಹಲಗೆಗೆ ಒತ್ತಿಕೊಳ್ಳುತ್ತವೆ. ಉಲ್ಟಾ ಇಟ್ಟರೆ ಅಂಚು ಬಾಯಿ ಬಿಡುತ್ತದೆ, ಆ ಸಂದು ಜಿರಳೆಗೂ ಗೆದ್ದಲಿಗೂ ಮನೆ. ಎರಡೆರಡು ಅಡಿಗೆ ಒಂದು ಜಿ ಕ್ಲಾಂಪ್ ಬಿಗಿದು, ಮೂರನ್ನೂ ಸೇರಿಸಿಯೇ 13 ಮಿಮೀ ದಪ್ಪದ ಉದ್ದನೆಯ ಆಗರ್ ಬಿಟ್‌ನಲ್ಲಿ ಒಂದೇ ಕಡೆಯಿಂದ ಕೊರೆಯಿರಿ. ಎರಡೂ ಕಡೆಯಿಂದ ಅರ್ಧರ್ಧ ಕೊರೆದರೆ ನಡುವಲ್ಲಿ ತಪ್ಪುತ್ತದೆ. ಆಚೆ ಮುಖಕ್ಕೆ ಒಂದು ಬೇಡದ ತುಂಡು ಒತ್ತಿ ಹಿಡಿದರೆ ಬಿಟ್ ಹೊರಬರುವಾಗ ಎಳೆ ಕಿತ್ತು ಬರುವುದಿಲ್ಲ.

ವಾಶರ್ ಅಂಗಡಿಯ ಸಣ್ಣ ಗುಂಡು ವಾಶರ್ ಬೇಡ, ಅದು ಸಾಗವಾನಿಯೊಳಗೆ ಮುಳುಗುತ್ತದೆ. 40 × 40 ಮಿಮೀ, 4 ಮಿಮೀ ದಪ್ಪದ ಚೌಕ ತಗಡು, ಎರಡೂ ಕಡೆ. ಬೋಲ್ಟ್ ಉದ್ದ 180 ಮಿಮೀ ತನ್ನಿ; 150 ಮರಕ್ಕೆ, 8 ವಾಶರಿಗೆ, ಉಳಿದದ್ದು ನಟ್ಟಿಗೆ. ತಿರುಪು ವಾಶರಿನೊಳಗೂ ಸ್ವಲ್ಪ ಹೋಗುವಷ್ಟು ಉದ್ದವಿರಬೇಕು, ಇಲ್ಲದಿದ್ದರೆ ಮರ ಸೊರಗಿದ ಮೇಲೆ ನಟ್ ಬಿಗಿಯಾಗದೆ ತಿರುಪಿನ ಕೊನೆಗೆ ನಿಂತುಬಿಡುತ್ತದೆ. ಶಿರಸಿಯ ಮಳೆಗಾಲಕ್ಕೆ ಮರ ಉಬ್ಬಿ, ಮಾರ್ಚ್ ಬರುವಷ್ಟರಲ್ಲಿ ಸೊರಗುತ್ತದೆ. ಮೊದಲ ಬೇಸಿಗೆಯಲ್ಲಿ ಒಮ್ಮೆ, ಮರುವರ್ಷ ಒಮ್ಮೆ ಪಾನ ಹಾಕಿ ಬಿಗಿಯಿರಿ. ಮುಚ್ಚಿಗೆ ಹೊಡೆದು ನಟ್ ಮುಚ್ಚಿಹೋಗುವಂತೆ ಮಾಡಬೇಡಿ.

ಹಲಗೆ ನಡುವೆ ಬಿಳಿ ಗೋಂದು ಹಚ್ಚಿದರೆ ಬೋಲ್ಟ್ ಕಡಿಮೆ ಮಾಡಬಹುದಾ ಅಂತ ಕೇಳುವವರಿದ್ದಾರೆ. ಬೇಡ. ಆ ಗೋಂದು ಸದಾ ಭಾರದ ಕೆಳಗೆ ನಿಧಾನಕ್ಕೆ ಜಾರುತ್ತದೆ, ತೇವಕ್ಕೆ ಮೆದುವಾಗುತ್ತದೆ.

ಇನ್ನು ಹ್ಯಾಂಗರ್. ಮುಖಕ್ಕೆ ಸ್ಕ್ರೂ ಹೊಡೆಯುವ ಹ್ಯಾಂಗರ್ ಬದಲು, ತೊಲೆಯ ನೆತ್ತಿ ಮೇಲೆ ಪೂರ್ತಿ 150 ಮಿಮೀ ಅಗಲಕ್ಕೂ ಹಾದು ಕೆಳಗೆ ಜೋಲುವ ತೊಟ್ಟಿಲು ಮಾಡಿಸಿ. 6 ಮಿಮೀ ತಗಡಿನಲ್ಲಿ ಯಾವ ವೆಲ್ಡಿಂಗ್ ಶೆಡ್ಡಿನವರೂ ಮಾಡಿಕೊಡುತ್ತಾರೆ. ಆಗ ಅಡ್ಡತೊಲೆಯ ಭಾರವೂ ಮೇಲಿನಿಂದ ಬಂದಂತೆಯೇ. ನಾಲ್ಕು ಬೋಲ್ಟ್ ಆದರೂ ಇರಲಿ. ಅಡ್ಡತೊಲೆಗೆ ಕಿವಿ ಕೊಟ್ಟು ದೊಡ್ಡ ತೊಲೆಗೆ ಗೂಡು ಕಡಿಯುವ ಹಳೇ ಪದ್ಧತಿ ಮಾತ್ರ ಇಲ್ಲಿ ಬೇಡ. ಇಡೀ ಮರದಲ್ಲಿ ನಡೆಯುತ್ತಿತ್ತು, 50 ಮಿಮೀ ಹಲಗೆಯಲ್ಲಿ ಗೂಡು ಕಡಿದರೆ ಆ ಹಲಗೆಯೇ ಇಲ್ಲವಾಯಿತು.

---

ಅಟ್ಟದಮನೆ, ಶಿರಸಿ

ಇಬ್ಬರಿಗೂ ಉಪಕಾರ ಆಯ್ತು. ಒಂದು ತೊಡಕು. 14 ಅಡಿಯ ಹಲಗೆ ಎರಡೇ ಸಿಕ್ಕಿದವು. ಮೂರನೆಯದು 8 ಅಡಿ ಮತ್ತು 6 ಅಡಿಯ ತುಂಡು. ನಡುವೆ ಇಟ್ಟು ಜೋಡಿಸಿದರೆ ಹೊರಗೆ ಕಾಣುವುದೂ ಇಲ್ಲ. ಆಗಬಹುದೇ? ಇದೇ ತರಹದ್ದು ಕಾರವಾರದ ಮನೆಗೂ ಬೇಕು, ಅಲ್ಲಿಗೆ ಇದೇ ಬೋಲ್ಟ್ ನಡೆಯುತ್ತದಾ?

---

ಕಟ್ಟುಲೆಕ್ಕ

ತುಂಡು ಹಲಗೆ ಬೇಡ. 8 ಅಡಿಯ ತುಂಡು ಮುಗಿಯುವುದು ಮಧ್ಯದಿಂದ ಒಂದಡಿ ಆಚೆ, ಮೊಮೆಂಟ್ ಹೆಚ್ಚುಕಡಿಮೆ ಗರಿಷ್ಠ ಇರುವಲ್ಲೇ. ತುಂಡಾದ ಜಾಗದಲ್ಲಿ ಆ ಹಲಗೆ ಏನೂ ಹೊರುವುದಿಲ್ಲ. ಎರಡೇ ಹಲಗೆ ಎಂದು ಲೆಕ್ಕ ಹಾಕಿದರೆ ಮಧ್ಯದಲ್ಲಿ ಒತ್ತಡ 13, ಮಿತಿ 12. ದಾಟಿತು.

ಎರಡು ಒಳ್ಳೆ ಹಲಗೆ ಇದ್ದರೆ ನಡುವೆ ಮರದ ಬದಲು ಉಕ್ಕಿನ ಪಟ್ಟಿ ಇಡಿ: 6 ಮಿಮೀ ದಪ್ಪ, 200 ಮಿಮೀ ಎತ್ತರ, ತೊಲೆಯಷ್ಟೇ ಉದ್ದ, ಸೇರಿಸುವಿಕೆ ಇಲ್ಲದ್ದು. ಗೋಡೆಯ ನಡುವಿನ 4.2 ಮೀಟರ್‌ಗೇ ಸುಮಾರು 40 ಕೆಜಿ ತೂಗುತ್ತದೆ. ಉಕ್ಕು ಸಾಗವಾನಿಗಿಂತ ಸುಮಾರು 20 ಪಟ್ಟು ಬಿಗಿ, ಹಾಗಾಗಿ ಈ ಜೋಡಿ ಮೂರು ಹಲಗೆಯ ತೊಲೆಗಿಂತ ಶೇ. 20ಕ್ಕೂ ಹೆಚ್ಚು ಬಿಗಿಯಾಗುತ್ತದೆ. ಮೂರು ಹಲಗೆಯದ್ದು ಮೊದಲ ದಿನ ಸುಮಾರು 13 ಮಿಮೀ ಬಾಗಿದರೆ ಇದು ಸುಮಾರು 10. ಮರದಲ್ಲಿ ಒತ್ತಡ 7ರ ಆಸುಪಾಸು, ಉಕ್ಕಿನಲ್ಲಿ ಸುಮಾರು 126, ಎರಡೂ ಮಿತಿಯೊಳಗೆ.

ಪಟ್ಟಿ 225 ಎತ್ತರ ಯಾಕಲ್ಲ, 200 ಯಾಕೆ ಅಂದರೆ ಮರ ಸೊರಗುತ್ತದೆ, ಉಕ್ಕು ಸೊರಗುವುದಿಲ್ಲ. ಸಮ ಎತ್ತರ ಇಟ್ಟರೆ ಒಂದೆರಡು ಬೇಸಿಗೆ ಕಳೆದ ಮೇಲೆ ಪಟ್ಟಿಯ ಅಂಚು ಮೇಲೆ ಎದ್ದು, ಕಂಬದ ಭಾರವೆಲ್ಲ 6 ಮಿಮೀ ಅಂಚಿನ ಮೇಲೆ ನಿಲ್ಲುತ್ತದೆ. ಮೇಲೆ ಕೆಳಗೆ ಹನ್ನೆರಡು ಹನ್ನೆರಡು ಮಿಮೀ ಒಳಗಿರಲಿ. ಆದರೆ ಆಗ ಉಕ್ಕಿಗೆ ಭಾರ ಹೋಗುವುದೂ ಬರುವುದೂ ಬೋಲ್ಟಿನಿಂದಲೇ, ಗೋಡೆಯ ತುದಿಯಲ್ಲೂ. ಎಡತುದಿಯ 7.5 ಕಿಲೋನ್ಯೂಟನ್‌ನಲ್ಲಿ ಉಕ್ಕಿನ ಪಾಲು ಸುಮಾರು 3.4, ಅದಕ್ಕೆ ತುದಿಯ ಎರಡು ಬೋಲ್ಟ್ ಬಿಡುವಂತೆಯೇ ಇಲ್ಲ. ಭಾರದ ಜಾಗದ ನಾಲ್ಕು ನಾಲ್ಕು ಹಾಗೇ ಇರಲಿ, ನಡುವಿನವು 450 ಮಿಮೀಗೆ ಒಂದು. ಮೊದಲು ಉಕ್ಕಿನ ಪಟ್ಟಿಗೆ ರಂಧ್ರ ಹೊಡೆಸಿ, ಅದನ್ನೇ ಅಚ್ಚು ಮಾಡಿಕೊಂಡು ಹಲಗೆ ಕೊರೆಯಿರಿ. ಬೋಲ್ಟ್ ಉದ್ದ 140 ಸಾಕು.

ತೊಲೆ ಈಗ 106 ಮಿಮೀ ಅಗಲ. ಕಂಬದ ಬುಡದ ತಗಡನ್ನೂ ಅಡ್ಡತೊಲೆಯ ತೊಟ್ಟಿಲನ್ನೂ ಆ ಅಳತೆಗೆ ಮಾಡಿಸಿ.

---

ಕಡಲಂಚು, ಕಾರವಾರ

ಕಾರವಾರದ ಮನೆಗೆ ಅದೇ ಲೆಕ್ಕ, ಬೇರೆ ಬೋಲ್ಟ್. ಹೊಳೆಯುವ ಬಿಳಿ ಅಥವಾ ಹಳದಿ ಲೇಪದ ಬೋಲ್ಟಿನ ಸತುವಿನ ಪದರ ಬಹಳ ತೆಳು, ಉಪ್ಪುಗಾಳಿಗೆ ಬೇಗ ಹೋಗುತ್ತದೆ. ಮರದೊಳಗಿನ ಭಾಗ ಕಣ್ಣಿಗೆ ಕಾಣದು. ಹೊರಗೆ ನಟ್ ಚೆನ್ನಾಗಿದ್ದು, ಸಂದಿನಲ್ಲಿ ಬೋಲ್ಟ್ ಸವೆದಿರುತ್ತದೆ. ಭಾರ ದಾಟುವುದು ಅಲ್ಲೇ. ಬಿಸಿಸತುವಿನಲ್ಲಿ ಅದ್ದಿದ ಬೋಲ್ಟ್ ತನ್ನಿ. ಅದರ ನಟ್ ಬೇರೆ ಕೊಳ್ಳಬೇಡಿ, ಲೇಪದ ದಪ್ಪಕ್ಕೆ ಸರಿಯಾಗಿ ಒಳತಿರುಪು ಹಿಗ್ಗಿಸಿದ ನಟ್ ಜೊತೆಗೇ ಬರಬೇಕು. ಸಮುದ್ರ ಎದುರಿಗೇ ಇದ್ದರೆ 316 ದರ್ಜೆಯ ಸ್ಟೇನ್‌ಲೆಸ್. 304 ದರ್ಜೆಗೆ ಉಪ್ಪಿನಲ್ಲಿ ಚುಕ್ಕೆ ಚುಕ್ಕೆ ತುಕ್ಕು ಬರುತ್ತದೆ. ಸ್ಟೇನ್‌ಲೆಸ್ ಬೋಲ್ಟಿಗೆ ಸ್ಟೇನ್‌ಲೆಸ್ ವಾಶರೇ ಹಾಕಿ, ಸತುವಿನದ್ದು ಹಾಕಿದರೆ ವಾಶರ್ ಮೊದಲು ತಿನ್ನಿಸಿಕೊಳ್ಳುತ್ತದೆ. ತೊಟ್ಟಿಲನ್ನು ವೆಲ್ಡ್ ಮಾಡಿ ಮುಗಿಸಿದ ಮೇಲೆ ಸತುವಿಗೆ ಅದ್ದಿಸಬೇಕು, ಮೊದಲು ಅಲ್ಲ. ಉಕ್ಕಿನ ಪಟ್ಟಿ ಇಡುವುದಾದರೂ ಅದೇ, ರಂಧ್ರ ಹೊಡೆದ ಮೇಲೆ.

ಸಾಗವಾನಿ ಬದಲು ಮತ್ತಿ ಹಲಗೆ ಹಾಕುವುದಾದರೆ ಅದು ಹೆಚ್ಚು ಭಾರ, ಹೆಚ್ಚು ಗಟ್ಟಿ. ಬೋಲ್ಟಿಗೆ ಒಳ್ಳೆಯದೇ, ಮೊಳೆಗೆ ಕಷ್ಟ. ಮೊಳೆ ಜೋಡಣೆಯ ಮಾನದಂಡ ಐಎಸ್ 2366 ಹೇಳುವಂತೆ ಮೊಳೆಯ ದಪ್ಪದ ಐದರಲ್ಲಿ ನಾಲ್ಕು ಪಾಲಿನ ರಂಧ್ರ, ಅಂದರೆ 5 ಮಿಮೀ ಮೊಳೆಗೆ 4 ಮಿಮೀ, ಮೊದಲೇ ಕೊರೆಯದಿದ್ದರೆ ಹಲಗೆ ತುದಿ ಸೀಳುತ್ತದೆ.

ಕರಾವಳಿಯ ಗಾಳಿಯಲ್ಲಿ ಮಾಡು ಮೇಲಕ್ಕೂ ಏಳುತ್ತದೆ. ಕಂಬದ ಬುಡವನ್ನು ತಗಡಿನ ಮೇಲೆ ಸುಮ್ಮನೆ ಕೂರಿಸಬೇಡಿ. ತಗಡಿಗೆ ಎರಡು ಕಿವಿ ಬೆಸೆದು ಕಂಬಕ್ಕೊಂದು ಬೋಲ್ಟ್, ತಗಡಿನಿಂದ ಕೆಳಗಿಳಿದ ಪಟ್ಟಿಗಳಿಗೆ ತೊಲೆಯ ಮೇಲಿನ ಸಾಲಿನ ಅದೇ ಎರಡು ಬೋಲ್ಟ್ ತೂರಿಸಿ. ತೊಲೆಯ ತುದಿ ಚಿರೆಕಲ್ಲು ಗೋಡೆಯೊಳಗೆ ಹೋಗುವಲ್ಲಿ ಕೆಳಗೆ ಗಟ್ಟಿ ಹಾಸುಗಲ್ಲು, ಸುತ್ತ 20–25 ಮಿಮೀ ಗಾಳಿಜಾಗ ಬಿಡಿ, ಗಾರೆ ತುಂಬಬೇಡಿ. ಶಿರಸಿಯಲ್ಲಿ ನಿಮ್ಮ ಹಳೇ ತೊಲೆಯ ಪೊಳ್ಳಾದ ತುದಿಯನ್ನು ಬಿಚ್ಚುವಾಗ ಗೋಡೆಯೊಳಗೆ ಗೆದ್ದಲಿನ ಮಣ್ಣಿನ ದಾರಿ ಎಲ್ಲಿಂದ ಬಂದಿದೆ ನೋಡಿಕೊಳ್ಳಿ. ಅದನ್ನು ಮುಚ್ಚದೆ ಹೊಸ ತೊಲೆ ಏರಿಸಬೇಡಿ.